ಬಲಮುರಿಯ ನೀರಿಗೆ ಎಷ್ಟು ಶಟರ್ ಸ್ಪೀಡ್?

ಪ್ರಶ್ನೆ: ನಾನು ಮಂಡ್ಯದವಳು. ಈಚೆಗೆ ಮಿರರ್‌ಲೆಸ್ ಕ್ಯಾಮೆರಾ ತಗೊಂಡೆ. ಅದರ ಜೊತೆಗೇ ಬಂದ 18-55 ಲೆನ್ಸ್ ಇದೆ, ಒಂದು ಟ್ರೈಪಾಡ್ ಇದೆ. ಹರಿಯುವ ನೀರನ್ನು ನುಣುಪಾಗಿ ತೆಗೆಯುವ ಆಸೆ. ಒಂದು ಭಾನುವಾರ ಹನ್ನೊಂದು ಗಂಟೆಗೆ ಕಾವೇರಿಯ ಬಲಮುರಿ ಕಟ್ಟೆಗೆ ಹೋಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಚುರುಕು) 100ರಲ್ಲಿ ಶಟರ್ 1 ಸೆಕೆಂಡ್ ಇಟ್ಟೆ. ಅಪರ್ಚರ್ (ಲೆನ್ಸಿನ ತೂತು) ತೀರಾ ಸಣ್ಣದು ಮಾಡಿ ಎಫ್ 22ಕ್ಕೆ ತಂದರೂ ಫೋಟೊ ಪೂರ್ತಿ ಬೆಳ್ಳಗೆ. ಇನ್ನೊಂದು ದಿನ ಕತ್ತಲಾಗುವ ಹೊತ್ತಿಗೆ ಹೋಗಿ ಎಫ್ 16, 15 ಸೆಕೆಂಡ್ ಇಟ್ಟೆ. ಬೆಳಕು ಸರಿಯಾಗಿ ಬಂತು, ಆದರೆ ನೀರೆಲ್ಲ ಮಂಜು ಕವಿದ ಹಾಗಾಗಿ ಕಟ್ಟೆ ಯಾವುದು, ನೀರು ಯಾವುದು ಗೊತ್ತಾಗಲ್ಲ. ನಾನು ಯಾವ ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡುವ ಕಪ್ಪು ಗಾಜು) ತಗೋಬೇಕು? ಮೊಬೈಲ್‌ನಲ್ಲೇ ಇದೆಲ್ಲ ಆಗುತ್ತೆ ಅಂತಾನೆ ನನ್ನ ತಮ್ಮ. ನಿಜಾನಾ?

ಉತ್ತರ: ನಿಮ್ಮ ಎರಡು ಫೋಟೊಗಳು ಕೆಟ್ಟಿದ್ದು ಬೇರೆ ಬೇರೆ ಕಾರಣಕ್ಕೆ. ಮೊದಲನೆಯದರಲ್ಲಿ ಬೆಳಕಿನ ಲೆಕ್ಕ ತಪ್ಪಿದೆ. ಎರಡನೆಯದರಲ್ಲಿ ನೀರಿನ ಲೆಕ್ಕ ತಪ್ಪಿದೆ. ಎನ್‌ಡಿ ಫಿಲ್ಟರ್ ಮೊದಲನೆಯದಕ್ಕೆ ಮಾತ್ರ ಮದ್ದು. ಎರಡನೆಯ ದಿನ ಅದನ್ನು ಹಾಕಿದ್ದರೆ ಫೋಟೊ ಇನ್ನೂ ಕೆಡುತ್ತಿತ್ತು. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಇವೆರಡನ್ನೂ ಬಿಡಿಸಿ ನೋಡೋಣ.

ಬೆಳಕಿನ ವಿಷಯ ಸುಲಭ. ಚೆನ್ನಾಗಿ ಬಿಸಿಲಿರುವಾಗ ಐಎಸ್‌ಒ 100, ಎಫ್ 16 ಇಟ್ಟರೆ ಸುಮಾರು 1/100 ಸೆಕೆಂಡಿಗೆ ಫೋಟೊ ಸರಿಯಾಗಿ ಬರುತ್ತದೆ. ಫಿಲ್ಮ್ ಕಾಲದಿಂದ ಬಂದ ಅಂದಾಜು ಇದು, ಇವತ್ತಿಗೂ ನಡೆಯುತ್ತದೆ. ಎಫ್ 22ಕ್ಕೆ ಹೋದರೆ ಬೆಳಕು ಅರ್ಧವಾಗುತ್ತದೆ, ಆಗ 1/50 ಬೇಕು. ನೀವು ಕೊಟ್ಟಿದ್ದು 1 ಸೆಕೆಂಡ್. ಬೇಕಾದ್ದರ 50 ಪಟ್ಟು ಬೆಳಕು ಒಳಗೆ ಹೋಯಿತು. ಬೆಳ್ಳಗಾಗದೆ ಇನ್ನೇನಾಗುತ್ತೆ? ಕ್ಯಾಮೆರಾದಲ್ಲಿ ಏನೂ ದೋಷ ಇಲ್ಲ, ಗಾಬರಿ ಬೇಡ.

ಹಾಗೇ ಎಫ್ 22ರ ಆಸೆ ಬಿಡಿ. ಅಷ್ಟು ಸಣ್ಣ ತೂತಿನಲ್ಲಿ ನುಸುಳುವಾಗ ಬೆಳಕು ಹರಡಿಕೊಳ್ಳುತ್ತದೆ. ಕಲ್ಲಿನ ಮೇಲಿನ ಸಣ್ಣ ಗೆರೆ, ಪಾಚಿಯ ಎಳೆ ಎಲ್ಲ ಮಂಕಾಗುತ್ತವೆ. ಹರಿಯುವ ನೀರಿನ ಫೋಟೊದಲ್ಲಿ ನೀರು ಮೃದುವಾಗಿರುತ್ತದೆ, ಆದ್ದರಿಂದ ಕಲ್ಲು ಚೂಪಾಗಿ ಕಾಣಲೇಬೇಕು. ಎರಡೂ ಮೃದುವಾದರೆ ಫೋಟೊ ಅಲುಗಾಡಿದ ಹಾಗೆ ಕಾಣುತ್ತದೆ. ಎಫ್ 8ರಿಂದ 11ರ ಒಳಗೆ ಇರಿ. ತೀರಾ ಬೇಕಾದರೆ 16.

ಈಗ ನೀರಿನ ಲೆಕ್ಕ. ಹೊಸಬರಿಗೆಲ್ಲ ಯಾರೋ ಒಂದು ಮಾತು ಹೇಳಿಬಿಟ್ಟಿರುತ್ತಾರೆ: ಶಟರ್ ಎಷ್ಟು ನಿಧಾನವೋ ನೀರು ಅಷ್ಟು ಚೆನ್ನ. ಇದನ್ನು ನಾನು ಒಪ್ಪುವುದಿಲ್ಲ. ನೀರಿಗೆ ಒಂದು ಆಕಾರ ಇದೆ. ಕಲ್ಲಿಗೆ ಬಡಿದು ಎಲ್ಲಿ ತಿರುಗುತ್ತದೆ, ಎಲ್ಲಿ ಎರಡಾಗಿ ಒಡೆಯುತ್ತದೆ, ಎಲ್ಲಿ ಮತ್ತೆ ಕೂಡುತ್ತದೆ, ಎಲ್ಲಿ ನೊರೆ ಕಟ್ಟುತ್ತದೆ, ಇದೆಲ್ಲ ಸೇರಿಯೇ ಆ ಜಾಗದ ಹರಿವು. 1/500 ಸೆಕೆಂಡಿನಲ್ಲಿ ತೆಗೆದರೆ ಹನಿಗಳು ಗಾಜಿನ ಚೂರಿನ ಹಾಗೆ ನಿಂತುಬಿಡುತ್ತವೆ, ಹರಿವು ಕಾಣುವುದಿಲ್ಲ. 15 ಸೆಕೆಂಡಿನಲ್ಲಿ ತೆಗೆದರೆ ಒಂದರ ಮೇಲೊಂದು ನೂರಾರು ಅಲೆಗಳು ಕೂತು ಎಲ್ಲ ಗೆರೆಗಳೂ ಅಳಿಸಿಹೋಗುತ್ತವೆ, ಆಗಲೂ ಹರಿವು ಕಾಣುವುದಿಲ್ಲ. ಇವೆರಡರ ನಡುವೆ ಎಲ್ಲೋ ಒಂದು ಕಡೆ ನೀರು ಎಳೆ ಎಳೆಯಾಗಿ ಕಾಣುವ ಜಾಗ ಇರುತ್ತದೆ. ನಾವು ಹುಡುಕಬೇಕಾದದ್ದು ಅದನ್ನು.

ಆ ಜಾಗ ಎಲ್ಲಿದೆ ಅಂತ ಒಂದೇ ನಂಬರ್ ಹೇಳೋಕೆ ಬರಲ್ಲ. ಯಾಕೆಂದರೆ ಮುಖ್ಯವಾದದ್ದು ನೀರಿನ ವೇಗ ಒಂದೇ ಅಲ್ಲ. ಶಟರ್ ತೆರೆದಿದ್ದಷ್ಟು ಹೊತ್ತಿನಲ್ಲಿ ನೀರು ನಿಮ್ಮ ಫ್ರೇಮಿನಲ್ಲಿ ಎಷ್ಟು ದೂರ ಸರಿಯಿತು, ಅದು ಮುಖ್ಯ. ಅದೇ ನೀರನ್ನು ಹತ್ತಿರದಿಂದ ತೆಗೆದರೆ ಬೇಗ ಫ್ರೇಮು ದಾಟುತ್ತದೆ, ದೂರದಿಂದ ತೆಗೆದರೆ ನಿಧಾನವಾಗಿ ದಾಟುತ್ತದೆ. ನಿಮ್ಮ ಲೆನ್ಸಿನಲ್ಲಿ 18ರಿಂದ 55ಕ್ಕೆ ಜೂಮ್ ಮಾಡಿದರೆ ಫ್ರೇಮಿನ ಅಗಲ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಅಲ್ಲೇ ನಿಂತು, ಅದೇ ನೀರಿಗೆ, ಶಟರ್ ಸಮಯವನ್ನು ಮೂರನೇ ಒಂದು ಪಾಲಿಗೆ ಇಳಿಸಬೇಕು. ಫ್ರೇಮಿಗೆ ಅಡ್ಡಲಾಗಿ ಹರಿಯುವ ನೀರು ಜಾಸ್ತಿ ಸರಿಯುತ್ತದೆ, ನಿಮ್ಮ ಕಡೆಗೇ ನೇರ ಬರುವ ನೀರು ಕಡಿಮೆ ಸರಿಯುತ್ತದೆ.

ಇದನ್ನು ಅಳೆಯೋಕೆ ಒಂದು ಸುಲಭ ದಾರಿ ಇದೆ. ಟ್ರೈಪಾಡ್ ನಿಲ್ಲಿಸಿ ಫ್ರೇಮು ಕಟ್ಟಿಕೊಳ್ಳಿ. ದಡದಲ್ಲಿ ಬಿದ್ದ ಒಂದು ಒಣ ಎಲೆ ಎತ್ತಿ ಮೇಲ್ಗಡೆಯಿಂದ ನೀರಿಗೆ ಬಿಡಿ. ಅದು ಫ್ರೇಮಿನ ಈ ಕಡೆಯಿಂದ ಆ ಕಡೆಗೆ ಹೋಗೋಕೆ ಎಷ್ಟು ಸೆಕೆಂಡ್ ಬೇಕಾಯಿತು ಅಂತ ಸ್ಕ್ರೀನಿನಲ್ಲಿ ನೋಡುತ್ತಾ ಎಣಿಸಿ. ಆ ಸಮಯದ ಎಂಟನೇ ಒಂದು ಪಾಲು ನಿಮ್ಮ ಶಟರ್ ಸ್ಪೀಡ್. ಎಲೆ 2 ಸೆಕೆಂಡಿಗೆ ದಾಟಿದರೆ 1/4 ಸೆಕೆಂಡ್. 8 ಸೆಕೆಂಡ್ ತಗೊಂಡರೆ 1 ಸೆಕೆಂಡ್. ಎಲೆ ಎಲ್ಲೋ ಸಿಕ್ಕಿಕೊಂಡರೆ ನೊರೆಯ ಒಂದು ಗುಳ್ಳೆಯನ್ನು ಕಣ್ಣಲ್ಲೇ ಹಿಂಬಾಲಿಸಿ, ಅದೂ ಆಗುತ್ತದೆ. ಈ ಎಂಟನೇ ಪಾಲು ನನ್ನ ಕಣ್ಣಿಗೆ ಒಪ್ಪಿದ ಲೆಕ್ಕ. ನಿಮಗೆ ಇನ್ನೂ ಸ್ವಲ್ಪ ಮೆತ್ತಗೆ ಬೇಕಾದರೆ ನಾಲ್ಕನೇ ಪಾಲಿಗೆ ಹೋಗಿ. ಅದನ್ನು ದಾಟಿದರೆ ಗೆರೆಗಳು ಕರಗತೊಡಗುತ್ತವೆ.

ಬಲಮುರಿಯಲ್ಲಿ ನೀರು ಕಟ್ಟೆಯ ಉದ್ದಕ್ಕೂ ತೆಳ್ಳಗೆ ಹಾಸಿಕೊಂಡು ಇಳಿಯುತ್ತದೆ. ಎತ್ತರ ಕಡಿಮೆ, ಅಗಲ ಜಾಸ್ತಿ. ಇಂಥ ಜಾಗದಲ್ಲಿ ಶಟರ್ ಜಾಸ್ತಿ ಹೊತ್ತು ತೆರೆದರೆ ಅಷ್ಟುದ್ದಕ್ಕೂ ಒಂದೇ ಬಿಳಿ ಪಟ್ಟಿ ಬರುತ್ತದೆ, ನಿಮ್ಮ ಎರಡನೇ ಫೋಟೊದಲ್ಲಿ ಆಗಿದ್ದು ಅದೇ. ಕಟ್ಟೆಗೆ ಎದುರಾಗಿ ನಿಲ್ಲುವ ಬದಲು ದಡದಿಂದ ಓರೆಯಾಗಿ ನಿಲ್ಲಿ. ಕಟ್ಟೆಯ ಸಾಲು ಫ್ರೇಮಿನ ಮೂಲೆಯಿಂದ ಒಳಕ್ಕೆ ಹೋಗುವ ಹಾಗೆ ಇರಲಿ. ಮುಂದುಗಡೆ ನೀರು ಸುತ್ತಿಕೊಂಡು ಹೋಗುವ ಒಂದೆರಡು ಕಪ್ಪು ಕಲ್ಲು ಸಿಕ್ಕರೆ ಅವನ್ನೂ ಸೇರಿಸಿ. ಬಿಳಿ ನೀರು ಎದ್ದು ಕಾಣಬೇಕಾದರೆ ಪಕ್ಕದಲ್ಲಿ ಕಪ್ಪು ಇರಬೇಕು. ಇಲ್ಲಿ 1/8ರಿಂದ 1/3 ಸೆಕೆಂಡಿನ ಒಳಗೆ ನಿಮಗೆ ಬೇಕಾದ್ದು ಸಿಗುತ್ತದೆ.

ಹಾಗಾದರೆ ಆ ಸಂಜೆ ಏನು ಮಾಡಬಹುದಿತ್ತು? ಐಎಸ್‌ಒ 100ರಿಂದ 800ಕ್ಕೆ ಏರಿಸಿದ್ದರೆ 15 ಸೆಕೆಂಡ್ ಸುಮಾರು 2 ಸೆಕೆಂಡಿಗೆ ಇಳಿಯುತ್ತಿತ್ತು. ಎಫ್ 16ರಿಂದ 8ಕ್ಕೆ ಬಂದಿದ್ದರೆ ಅದು ಇನ್ನೂ ನಾಲ್ಕನೇ ಒಂದು ಪಾಲಾಗಿ ಅರ್ಧ ಸೆಕೆಂಡ್. ಹತ್ತು ನಿಮಿಷ ಬೇಗ ಶುರು ಮಾಡಿದ್ದರೆ ಕಾಲು ಸೆಕೆಂಡ್ ಕೂಡ ಸಿಗುತ್ತಿತ್ತು. ನಿಧಾನ ಶಟರ್ ಅಂದ ಕೂಡಲೇ ಐಎಸ್‌ಒ 100ಕ್ಕೇ ಅಂಟಿಕೊಳ್ಳುವವರು ಬಹಳ. ಈಗಿನ ಕ್ಯಾಮೆರಾಗಳಲ್ಲಿ 800 ಏನೇನೂ ತೊಂದರೆ ಕೊಡುವುದಿಲ್ಲ. ಸ್ವಲ್ಪ ಕಾಳು ಕಾಳಾಗಿ ಬಂದರೂ ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯಬಹುದು. ಅಳಿಸಿಹೋದ ನೀರಿನ ಗೆರೆ ಮಾತ್ರ ವಾಪಸ್ ಬರುವುದಿಲ್ಲ.

ಈಗ ಫಿಲ್ಟರ್. ಎನ್‌ಡಿ ಪಕ್ಕದ ನಂಬರ್ ಬೆಳಕನ್ನು ಎಷ್ಟರಲ್ಲಿ ಒಂದು ಪಾಲಿಗೆ ಇಳಿಸುತ್ತದೆ ಅಂತ ಹೇಳುತ್ತದೆ. ಎನ್‌ಡಿ 8 ಎಂಟನೇ ಒಂದು ಪಾಲು, ಅಂದರೆ 3 ಸ್ಟಾಪ್ (ಬೆಳಕು ಒಂದು ಸಲ ಅರ್ಧವಾದರೆ ಒಂದು ಸ್ಟಾಪ್). ಎನ್‌ಡಿ 64 ಅಂದರೆ 6 ಸ್ಟಾಪ್. ಎನ್‌ಡಿ 1000 ಅಂದರೆ 10 ಸ್ಟಾಪ್. ಬಿಸಿಲಿನಲ್ಲಿ ಐಎಸ್‌ಒ 100, ಎಫ್ 11ಕ್ಕೆ 1/200 ಬರುತ್ತದೆ ಅಂತಿಟ್ಟುಕೊಳ್ಳಿ. ಎನ್‌ಡಿ 8 ಹಾಕಿದರೆ 1/25, ಸಾಲದು. ಎನ್‌ಡಿ 64 ಹಾಕಿದರೆ ಹೆಚ್ಚು ಕಡಿಮೆ 1/3, ಸರಿಯಾಗಿ ಬೇಕಾದ ಜಾಗ. ಎನ್‌ಡಿ 1000 ಹಾಕಿದರೆ 5 ಸೆಕೆಂಡ್, ಮತ್ತೆ ಅದೇ ಮಂಜು. ಬಹಳ ಜನ ಮೊದಲು ಕೊಳ್ಳುವುದು ಎನ್‌ಡಿ 1000. ಕೆರೆಯ ನೀರನ್ನು ಕನ್ನಡಿ ಮಾಡೋಕೆ, ಓಡುವ ಮೋಡವನ್ನು ಎಳೆಯೋಕೆ ಅದು ಒಳ್ಳೆಯದು. ಕಾವೇರಿಯ ಹರಿವಿಗೆ ಅದು ಜಾಸ್ತಿಯಾಯಿತು.

ಆದರೂ ನಿಮ್ಮ ಮೊದಲ ದುಡ್ಡು ಎನ್‌ಡಿಗೆ ಬೇಡ ಅನ್ನುತ್ತೇನೆ. ಪೋಲರೈಸರ್ ತಗೊಳ್ಳಿ. ಒದ್ದೆ ಕಲ್ಲಿನ ಮೇಲೆ, ಎಲೆಗಳ ಮೇಲೆ, ನೀರಿನ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದಲ್ಲ, ಅದನ್ನು ತಿರುಗಿಸಿ ತೆಗೆದುಹಾಕುವ ಫಿಲ್ಟರ್ ಇದು. ಹೊಳಪು ಹೋದ ಮೇಲೆ ಕಲ್ಲು ಕಪ್ಪಾಗುತ್ತದೆ, ಪಾಚಿ ಹಸಿರಾಗುತ್ತದೆ, ತಿಳಿನೀರಾದರೆ ತಳದ ಕಲ್ಲೂ ಕಾಣುತ್ತದೆ. ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡೋಕಾಗಲ್ಲ. ಜೊತೆಗೆ ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನೂ ತಿನ್ನುತ್ತದೆ. ಮೋಡ ದಟ್ಟವಾಗಿ ಕವಿದ ದಿನ ಎಫ್ 11ಕ್ಕೆ 1/25 ಸಿಕ್ಕರೆ, ಪೋಲರೈಸರ್ ಹಾಕಿ ಎಫ್ 16ಕ್ಕೆ ಹೋದರೆ 1/4 ಸೆಕೆಂಡ್ ಬಂದುಬಿಡುತ್ತದೆ. ಎನ್‌ಡಿಯೇ ಬೇಕಾಗಲಿಲ್ಲ, ಅಲ್ವಾ? ಮೋಡದ ದಿನ, ಬೆಳಿಗ್ಗೆ ಬಿಸಿಲು ಏರುವ ಮೊದಲು, ಸಂಜೆ ಸೂರ್ಯ ಮರೆಯಾದ ಮೇಲೆ, ಇಷ್ಟು ಹೊತ್ತು ನಿಮಗೆ ಪೋಲರೈಸರ್ ಸಾಕು. ಆಮೇಲೂ ನಡುಬಿಸಿಲಿನಲ್ಲೇ ತೆಗೆಯುವ ಆಸೆ ಉಳಿದರೆ ಎನ್‌ಡಿ 64 ತನ್ನಿ. ಸುಮ್ನೆ ಮೂರು ನಾಲ್ಕು ಫಿಲ್ಟರಿನ ಸೆಟ್ ಕೊಳ್ಳಬೇಡಿ. ಲೆನ್ಸಿನ ಮುಂದುಗಡೆ ಅಡ್ಡಗೀಟು ಹಾಕಿದ ಸೊನ್ನೆಯ ಪಕ್ಕ ಒಂದು ನಂಬರ್ ಇರುತ್ತದೆ, ಅದೇ ಫಿಲ್ಟರಿನ ಅಳತೆ. ಮುಂದೆ ದೊಡ್ಡ ಲೆನ್ಸ್ ಕೊಳ್ಳುವ ಅಂದಾಜಿದ್ದರೆ ಈಗಲೇ ದೊಡ್ಡ ಅಳತೆಯ ಫಿಲ್ಟರ್ ತಗೊಂಡು, ನಡುವೆ ಹೊಂದಿಸುವ ರಿಂಗ್ ಹಾಕಿಕೊಳ್ಳಿ. ತಿರುಗಿಸಿ ಕಡಿಮೆ ಜಾಸ್ತಿ ಮಾಡುವ ಎನ್‌ಡಿ ಕೂಡ ಸಿಗುತ್ತದೆ. ಅದನ್ನು ಪೂರ್ತಿ ತಿರುಗಿಸಿದರೆ 18ರ ಅಗಲದಲ್ಲಿ ಫ್ರೇಮಿನ ಮೇಲೆ ಅಡ್ಡಾದಿಡ್ಡಿ ಕಪ್ಪು ನೆರಳು ಬೀಳುವುದುಂಟು.

ಬಿಸಿಲಿನ ಇನ್ನೊಂದು ತೊಂದರೆಗೆ ಯಾವ ಫಿಲ್ಟರೂ ಮದ್ದಲ್ಲ. ಬಿಸಿಲು ಬಿದ್ದ ನೊರೆ ಮತ್ತು ನೆರಳಿನ ಕಲ್ಲು, ಇವೆರಡರ ಬೆಳಕಿನ ಅಂತರವನ್ನು ಕ್ಯಾಮೆರಾ ತಾಳಿಕೊಳ್ಳುವುದು ಕಷ್ಟ. ಕಪ್ಪು ಕಲ್ಲು ಜಾಸ್ತಿ ಇದ್ದರೆ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಬೆಳಕು ಏರಿಸುತ್ತದೆ, ನೊರೆ ಪೂರ್ತಿ ಬಿಳಿಯಾಗಿ ಅದರೊಳಗಿನ ಗೆರೆ ಮಾಯವಾಗುತ್ತದೆ. ಮೋಡದ ದಿನವೂ ಎಕ್ಸ್‌ಪೋಶರನ್ನು ಮುಕ್ಕಾಲು ಅಥವಾ ಒಂದು ಸ್ಟಾಪ್ ಇಳಿಸಿಕೊಂಡು ತೆಗೆಯಿರಿ. ಹಿಸ್ಟೋಗ್ರಾಮ್ (ಫೋಟೊದ ಕತ್ತಲೆ ಬೆಳಕಿನ ಗ್ರಾಫ್) ಬಲತುದಿಗೆ ಒತ್ತಿಕೊಂಡಿದ್ದರೆ ಇನ್ನೂ ಇಳಿಸಿ. ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ರಾ ಫೈಲಿನಲ್ಲಿ ತೆಗೆದರೆ ಕಲ್ಲಿನ ಕತ್ತಲೆಯನ್ನು ಆಮೇಲೆ ಎತ್ತಬಹುದು.

ಟ್ರೈಪಾಡ್ ಬಗ್ಗೆ. ಅದನ್ನು ಹರಿಯುವ ನೀರಿನಲ್ಲಿ ನಿಲ್ಲಿಸಬೇಡಿ. ನೀರು ಕಾಲಿಗೆ ತಾಗಿ ಸಣ್ಣಗೆ ನಡುಗಿಸುತ್ತಲೇ ಇರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಮನೆಗೆ ಹೋಗಿ ದೊಡ್ಡದು ಮಾಡಿ ನೋಡಿದಾಗ ಗೊತ್ತಾಗುತ್ತದೆ. ಒಣ ಕಲ್ಲು ಅಥವಾ ಗಟ್ಟಿ ದಡ ಹುಡುಕಿ. ನಡುವಿನ ಕಂಬ ಎತ್ತಬೇಡಿ. ಕ್ಯಾಮೆರಾದ ಕುತ್ತಿಗೆ ಪಟ್ಟಿ ಗಾಳಿಗೆ ಬಡಿಯುತ್ತಿದ್ದರೆ ಬಿಚ್ಚಿಡಿ. 2 ಸೆಕೆಂಡಿನ ಟೈಮರ್ ಹಾಕಿ, ಕೈ ಅಲುಗಾಟ ತಡೆಯುವ ಲೆನ್ಸಿನ ಸ್ಟೆಬಿಲೈಸೇಷನ್ ಆಫ್ ಮಾಡಿ. ಫೋಕಸ್ ಅನ್ನು ಮೊದಲೇ ಕಲ್ಲಿನ ಮೇಲೆ ಕೂರಿಸಿ ಮ್ಯಾನುಯಲ್‌ಗೆ ಹಾಕಿಬಿಡಿ. ಇಲ್ಲದಿದ್ದರೆ ಪ್ರತಿ ಸಲವೂ ಕ್ಯಾಮೆರಾ ನೀರಿನಲ್ಲಿ ಏನನ್ನೋ ಹುಡುಕುತ್ತಿರುತ್ತದೆ. ದಡದ ಗಿಡ ಗಾಳಿಗೆ ಅಲುಗಾಡುತ್ತಿದ್ದರೆ, ಟ್ರೈಪಾಡ್ ಕದಲಿಸದೆ ಐಎಸ್‌ಒ ಏರಿಸಿ ವೇಗದ ಶಟರಿನಲ್ಲಿ ಇನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಆ ಗಿಡವನ್ನು ಇದರ ಜೊತೆ ಸೇರಿಸಬಹುದು.

ಯಾವಾಗ ಹೋಗಬೇಕು ಅನ್ನುವುದೂ ಶಟರ್ ಸ್ಪೀಡಿನಷ್ಟೇ ಮುಖ್ಯ. ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ಕಾವೇರಿಯಲ್ಲಿ ಬರುವುದು ಕೆಂಪು ನೀರು. ಕೆಂಪು ನೀರನ್ನು ಅರ್ಧ ಸೆಕೆಂಡಿಗೆ ತೆಗೆದರೆ ಕೆಸರು ಬಳಿದ ಹಾಗೆ ಕಾಣುತ್ತದೆ. ಅದರಲ್ಲಿ ಬಿಳಿ ಎಳೆ ಇರುವುದಿಲ್ಲ. ಹೊಳೆ ತುಂಬಿ ಬರುವಾಗ ಅದರ ಚೆಲುವು ರಭಸದಲ್ಲಿದೆ. ಆಗ ಶಟರನ್ನು 1/250ಕ್ಕೋ 1/500ಕ್ಕೋ ಏರಿಸಿ, ಎದ್ದ ಅಲೆಯನ್ನು ಎದ್ದ ಹಾಗೇ ಹಿಡಿಯಿರಿ. ನುಣುಪು ನೀರಿಗೆ ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ಒಳ್ಳೆಯ ಕಾಲ. ಭಾನುವಾರ ಹನ್ನೊಂದು ಗಂಟೆ ಬೇಡವೇ ಬೇಡ. ಬಿಸಿಲೂ ಜಾಸ್ತಿ, ಜನವೂ ಜಾಸ್ತಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಲಮುರಿ ಇರುವುದು ಕೃಷ್ಣರಾಜಸಾಗರದ ಕೆಳಗೆ. ಅಲ್ಲಿಯ ನೀರು ಏರುವುದಕ್ಕೆ ನಿಮ್ಮ ತಲೆಯ ಮೇಲೆ ಮಳೆ ಬರಬೇಕಿಲ್ಲ, ಅಣೆಕಟ್ಟೆಯಿಂದ ನೀರು ಬಿಟ್ಟರೆ ಸಾಕು. ಆಕಾಶ ತಿಳಿಯಾಗಿರುವಾಗಲೂ ಏರಬಹುದು. ನಿಧಾನ ಶಟರಿನ ಕೆಲಸದಲ್ಲಿ ಕಣ್ಣು ಸ್ಕ್ರೀನಿನ ಮೇಲೇ ಇರುತ್ತದೆ, ಕಾಲ ಕೆಳಗೆ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ದಡದಲ್ಲಿ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಅದು ಒದ್ದೆಯಾಯಿತೆಂದರೆ, ನೀರಿನ ಬಣ್ಣ ಬದಲಾಯಿತೆಂದರೆ, ಕಸಕಡ್ಡಿ ತೇಲಿಬರತೊಡಗಿದರೆ, ಟ್ರೈಪಾಡ್ ಎತ್ತಿಕೊಂಡು ಮೇಲೆ ಬನ್ನಿ. ಪಾಚಿ ಕಟ್ಟಿದ ಕಟ್ಟೆಯ ಮೇಲೆ ಹತ್ತಬೇಡಿ. ಮಳವಳ್ಳಿ ಕಡೆಯ ಮುತ್ತತ್ತಿಗೆ ಹೋದರೂ ಅಷ್ಟೇ, ಮೇಲೆ ಶಾಂತವಾಗಿ ಕಾಣುವ ನೀರಿನೊಳಗೆ ಸುಳಿ ಇರುತ್ತದೆ. ನೀರಿಗಿಳಿಯದೆ ತೆಗೆಯಬಹುದಾದ ಫೋಟೊಗಳೇ ಬೇಕಾದಷ್ಟಿವೆ. ಒಬ್ಬರೇ ಹೋಗಬೇಡಿ, ತಮ್ಮನನ್ನು ಕರೆದುಕೊಂಡು ಹೋಗಿ.

ಬಲಮುರಿಯಲ್ಲಿ ಕೈ ಕುದುರಿದ ಮೇಲೆ ಚುಂಚನಕಟ್ಟೆಗೆ ಹೋಗಿ. ಕಾವೇರಿ ಅಲ್ಲಿ ಸುಮಾರು 60 ಅಡಿ ಇಳಿಯುತ್ತಾಳೆ. ಅಲ್ಲಿಯ ಲೆಕ್ಕವೇ ಬೇರೆ. ಏನೂ ತಡೆ ಇಲ್ಲದೆ ಬೀಳುವ ನೀರು ಒಂದು ಸೆಕೆಂಡಿಗೆ ಸುಮಾರು 5 ಮೀಟರ್ ಇಳಿದಿರುತ್ತದೆ, ಅಷ್ಟರಲ್ಲಿ ಅದರ ವೇಗ ಸೆಕೆಂಡಿಗೆ 10 ಮೀಟರ್ ಹತ್ತಿರ ಆಗಿರುತ್ತದೆ. ಅಂದರೆ ಒಂದೇ ಧಾರೆಯಲ್ಲಿ ಮೇಲಿನ ನೀರು ನಿಧಾನ, ಕೆಳಗಿನ ನೀರು ಜೋರು. ಒಂದೇ ಶಟರಿಗೆ ಮೇಲ್ಗಡೆ ಎಳೆ ಸಿಗುತ್ತದೆ, ಕೆಳಗಡೆ ಕರಗಿರುತ್ತದೆ. ಇಂಥ ಕಡೆ ಕೆಳಗಿನ ನೀರಿಗೆ ಲೆಕ್ಕ ಹಾಕಬೇಕು. ಇಡೀ ಜಲಪಾತ ಫ್ರೇಮಿನಲ್ಲಿದ್ದರೆ 1/10ರಿಂದ ಶುರು ಮಾಡಿ ನೋಡಿ. ಹತ್ತಿರದಲ್ಲಿ ಗಾಳಿಯ ಜೊತೆ ನೀರಿನ ತುಂತುರು ಬರುತ್ತದೆ. ಪ್ರತಿ ಫೋಟೊಗೂ ಮೊದಲು ಲೆನ್ಸ್ ಒರೆಸಿ. ಒಂದು ಹನಿ ಕೂತರೂ ಸಣ್ಣ ಅಪರ್ಚರಿನಲ್ಲಿ ಅದು ದೊಡ್ಡ ಕಲೆಯಾಗಿ ಕಾಣುತ್ತದೆ.

ಗಗನಚುಕ್ಕಿಗೆ ಮಳವಳ್ಳಿ ಕಡೆಯಿಂದ ಹೋದರೆ ನೋಡುವ ಜಾಗ ಜಲಪಾತದಿಂದ ದೂರ. ದೂರ ಇದ್ದಷ್ಟೂ ನೀರು ಫ್ರೇಮಿನಲ್ಲಿ ನಿಧಾನವಾಗಿ ಸರಿಯುವುದರಿಂದ, ಬಲಮುರಿಯಲ್ಲಿ ಜಾಸ್ತಿಯಾಗಿದ್ದ ಅರ್ಧ ಸೆಕೆಂಡ್, ಒಂದು ಸೆಕೆಂಡ್ ಇಲ್ಲಿ ಸರಿಹೋಗುತ್ತದೆ. ಬೇಸಿಗೆಯಲ್ಲಿ ಮಾತ್ರ ಹೋಗಬೇಡಿ. ಗಗನಚುಕ್ಕಿ ಇರುವ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗುತ್ತಿದೆ, ಅದಕ್ಕೆ ಹೊಳೆಯ ನೀರೇ ಹೋಗುತ್ತದೆ. ಹೊಳೆಯಲ್ಲಿ ನೀರು ಕಡಿಮೆ ಇದ್ದಾಗ ಬರಿ ಬಂಡೆ ನೋಡಿಕೊಂಡು ಬರಬೇಕಾಗುತ್ತದೆ.

ನಿಮ್ಮ ಆ 15 ಸೆಕೆಂಡಿಗೂ ಒಂದು ಜಾಗ ಇದೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ನೀರು ನಿಧಾನವಾಗಿರುವ ದಿನ, ದಡದ ಹತ್ತಿರ ನೊರೆ ಗುಂಡಗೆ ಸುತ್ತುತ್ತಿರುವುದು ಕಂಡರೆ, ಅದಕ್ಕೆ 15ರಿಂದ 20 ಸೆಕೆಂಡ್ ಕೊಡಿ. ನೊರೆಯ ಒಂದೊಂದು ಚುಕ್ಕೆಯೂ ಒಂದೊಂದು ಬಳೆ ಬರೆಯುತ್ತದೆ. ಕಣ್ಣಿಗೆ ಕಾಣದ ಸುತ್ತು ಫೋಟೊದಲ್ಲಿ ಕಾಣುತ್ತದೆ. ನಿಧಾನ ಶಟರಿನಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಇದು. ನಾಲೆಯ ನೀರಿಗೆ ಮಾತ್ರ ಇದನ್ನು ಮಾಡಲು ಹೋಗಬೇಡಿ. ವಿಶ್ವೇಶ್ವರಯ್ಯ ನಾಲೆ ತುಂಬಿ ಒಂದೇ ಸಮನೆ ಹರಿಯುವಾಗ ಮೇಲೆ ಗೆರೆಗಳೇ ಇರುವುದಿಲ್ಲ, ಎಷ್ಟು ಹೊತ್ತು ತೆರೆದಿಟ್ಟರೂ ನುಣ್ಣನೆಯ ಹಲಗೆ ಸಿಗುತ್ತದೆ ಅಷ್ಟೇ.

ಬೃಂದಾವನದ ಕಾರಂಜಿ ತೆಗೆಯುವ ಮನಸ್ಸಾದರೆ, ಅಲ್ಲಿ ನೀರಿಗಿಂತ ದೀಪದ ಲೆಕ್ಕ ನೋಡಬೇಕು. ಬಣ್ಣ ಬದಲಾಗುವ ಹೊತ್ತಿನಲ್ಲಿ ಶಟರ್ ತೆರೆದಿದ್ದರೆ ಎರಡು ಬಣ್ಣ ಬೆರೆತು ಪೇಲವವಾಗುತ್ತದೆ. ಬಣ್ಣ ಬಂದು ನಿಂತ ಮೇಲೆ ಒತ್ತಿ, ಅರ್ಧ ಸೆಕೆಂಡಿನ ಒಳಗೆ ಮುಗಿಸಿ. ಟ್ರೈಪಾಡ್ ಒಳಗೆ ಬಿಡುತ್ತಾರಾ ಅಂತ ಗೇಟಿನಲ್ಲಿ ಮೊದಲೇ ಕೇಳಿಕೊಳ್ಳಿ.

ಇನ್ನು ನಿಮ್ಮ ತಮ್ಮ ಹೇಳಿದ್ದು. ಅವನು ಹೇಳಿದ್ದರಲ್ಲಿ ಅರ್ಧ ನಿಜ. ಹೆಚ್ಚಿನ ಮೊಬೈಲುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ, ಯಾವಾಗಲೂ ಅಗಲವಾಗಿಯೇ ತೆರೆದಿರುತ್ತದೆ. ಹಾಗಾಗಿ ಹಗಲಿನಲ್ಲಿ ಶಟರನ್ನು ನಿಜವಾಗಿ ನಿಧಾನ ಮಾಡೋಕೆ ಆಗಲ್ಲ. ಅದರ ಬದಲು ಚಕಚಕನೆ ಹತ್ತಾರು ಫೋಟೊ ತೆಗೆದು ಎಲ್ಲವನ್ನೂ ಬೆರೆಸಿ ಒಂದು ಮಾಡುತ್ತವೆ. ಐಫೋನಿನಲ್ಲಿ ಲೈವ್ ಫೋಟೊ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಶರ್ ಆರಿಸಿದರೆ ಆಗುವುದು ಇದೇ. ಆಂಡ್ರಾಯ್ಡ್ ಫೋನುಗಳಲ್ಲೂ ಇಂಥ ಆ್ಯಪ್‌ಗಳಿವೆ. ದೂರದ ಜಲಪಾತಕ್ಕೆ, ಮೆತ್ತಗೆ ಕಾಣುವ ನೀರಿಗೆ ಅದು ಚೆನ್ನಾಗಿಯೇ ಬರುತ್ತದೆ. ಆದರೆ ಅದು ಬೆರೆಸುವ ಸಮಯ ಸಾಮಾನ್ಯವಾಗಿ ಒಂದೆರಡು ಸೆಕೆಂಡ್ ಆಗಿಬಿಡುತ್ತದೆ, ಬಲಮುರಿಗೆ ಬೇಕಾದ ಕಾಲು ಸೆಕೆಂಡನ್ನು ನೀವೇ ಆರಿಸಿಕೊಳ್ಳುವುದು ಕಷ್ಟ. ಒಂದು ಫೋಟೊಗೂ ಇನ್ನೊಂದಕ್ಕೂ ನಡುವೆ ಬಿಡುವು ಇದ್ದರೆ ಎಳೆಗಳು ತುಂಡು ತುಂಡಾಗಿಯೂ ಕಾಣಬಹುದು. ಅವನ ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಸೂರ್ಯ ಮುಳುಗಿದ ಮೇಲೆ ಐಎಸ್‌ಒ ಕೆಳಗಿಳಿಸಿ 1/4 ಇಟ್ಟು ನೋಡಲಿ, ಆ ಹೊತ್ತಿನಲ್ಲಿ ಅಷ್ಟು ಸಿಗುತ್ತದೆ. ಫೋನನ್ನು ಕೈಯಲ್ಲಿ ಹಿಡಿದು ಮಾತ್ರ ಬೇಡ. ನಿಮ್ಮ ಟ್ರೈಪಾಡಿಗೇ ಹಾಕುವ ಮೊಬೈಲ್ ಹೋಲ್ಡರ್ ಕಡಿಮೆ ಬೆಲೆಗೆ ಸಿಗುತ್ತದೆ. ನೀವು ಕ್ಯಾಮೆರಾದಲ್ಲಿ ತೆಗೆದಾದ ಮೇಲೆ ಅದೇ ಜಾಗದಲ್ಲಿ ಅವನಿಗೆ ಬಿಟ್ಟುಕೊಡಿ.